ಗೋಲಿಗೆ ಎರಡು ಪೌಂಡ್

ಗೋಲು ಹೊಡೆದರೆ ಎರಡು ಪೌಂಡ್ ಕೊಡ್ತೀನಿ ಅಂತ ಮಗನಿಗೆ ಮಾತು ಕೊಟ್ಟುಬಿಟ್ಟಿದ್ದೀನಿ, ಈಗ ಏನು ಮಾಡಲಿ ಅಂತ ಗುಂಪಿನಲ್ಲಿ ಒಬ್ಬರು ಕೇಳಿದ್ದರಲ್ಲ, ನೀವೊಬ್ಬರೇ ಅಲ್ಲ ಕಣ್ರೀ. ನಮ್ಮನೆಯಲ್ಲೂ ಇದೇ ರೇಟ್ ಇತ್ತು.

ಮಗ ಆಗ ಅಂಡರ್-9, ಅಂದರೆ ಒಂಬತ್ತು ವರ್ಷದೊಳಗಿನವರ ಫುಟ್‌ಬಾಲ್ ತಂಡದಲ್ಲಿದ್ದ. ಶನಿವಾರ ಬೆಳಿಗ್ಗೆಯ ಚಳಿ, ಕೆಸರು, ಫ್ಲಾಸ್ಕಿನ ಕಾಫಿ, ಇದನ್ನೆಲ್ಲ ಇಂಗ್ಲೆಂಡಿನ ನಮ್ಮ ರೆಡಿಂಗ್ ಊರಿನ ಕಡೆಯವರಿಗೆ ನಾನೇನು ವರ್ಣಿಸಬೇಕಿಲ್ಲ. ದುಡ್ಡಿನ ಮಾತು ಬಂದ ಮೇಲೆ ಮೂರು ವಾರದಲ್ಲಿ ಎರಡು ಗೋಲು ಬಂತು. ನಮ್ಮನೆಯವರಿಗೆ ಖುಷಿಯೋ ಖುಷಿ. ನಾಲ್ಕನೇ ವಾರ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, ಇವನು ಪಾಸ್ ಕೊಡೋದನ್ನೇ ಬಿಟ್ಟಿದ್ದಾನಲ್ಲ, ಏನಾಯ್ತು ಅಂತ ಕೇಳಿದರು. ಏನಂತ ಹೇಳಲಿ? ಪಾಸ್ ಕೊಟ್ಟರೆ ಎರಡು ಪೌಂಡ್ ಕೈತಪ್ಪಿದ ಹಾಗೆ ಅನ್ನೋ ಲೆಕ್ಕ ಅವನಿಗೆ ನಮಗಿಂತ ಬೇಗ ಅರ್ಥವಾಗಿತ್ತು. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಅಂಡರ್-11ರವರೆಗೆ ಯಾವ ತಂಡ ಎಷ್ಟನೇ ಸ್ಥಾನದಲ್ಲಿದೆ ಅನ್ನೋ ಲೀಗ್ ಪಟ್ಟಿಯನ್ನೇ ಪ್ರಕಟಿಸೋದಿಲ್ಲ, ಮಕ್ಕಳು ಸುಮ್ಮನೆ ಆಡಲಿ ಅಂತ. ಅವರು ಬೇಡ ಅಂದ ಲೆಕ್ಕವನ್ನು ನಾವು ಮನೆಯಲ್ಲಿ ಪೌಂಡು ಪೆನ್ಸಿನಲ್ಲಿ ಬರೆದಿಟ್ಟಿದ್ದೆವು.

ಅದೇ ಹೊತ್ತಿಗೆ ಮನೆಕೆಲಸಕ್ಕೂ ರೇಟ್ ಕಾರ್ಡ್ ಮಾಡಿದ್ದೆ. ತಟ್ಟೆ ಎತ್ತಿಟ್ಟರೆ 20 ಪೆನ್ಸ್, ಒಗೆದ ಬಟ್ಟೆ ಮಡಚಿದರೆ 50, ಕಸದ ಬಿನ್ ಹೊರಗಿಟ್ಟರೆ 30. ಫ್ರಿಜ್ ಮೇಲೆ ಅಂಟಿಸಿ, ನಾನೇ ಜಾಣೆ ಅಂದುಕೊಂಡಿದ್ದೆ. ಆಮೇಲೆ ತಿಪಟೂರಿನಿಂದ ಅಮ್ಮ ಬಂದರು. ಒಂದು ಸಂಜೆ ಮೊಮ್ಮಗನಿಗೆ, "ಮಹಡಿ ಮೇಲೆ ನನ್ನ ಕನ್ನಡಕ ಇದೆ, ತಂದುಕೊಡೋ ಪುಟ್ಟ" ಅಂದರು. ಅವನು ಟಿವಿಯಿಂದ ಕಣ್ಣು ತೆಗೆಯದೆ "ಎಷ್ಟು ಕೊಡ್ತೀಯ ಅಜ್ಜಿ?" ಅಂದ. ಅಮ್ಮ ಬೈಯಲಿಲ್ಲ. ಪರ್ಸಿನಿಂದ 50 ರೂಪಾಯಿ ನೋಟು ತೆಗೆದು ಅವನ ತೊಡೆ ಮೇಲಿಟ್ಟು, "ನಿಮ್ಮಂಗಡಿ ರೇಟು ನಂಗೊತ್ತಿಲ್ಲಪ್ಪ, ಚಿಲ್ಲರೆ ನೀನೇ ಇಟ್ಕೋ" ಅಂದು, ತಾವೇ ಮೆಟ್ಟಿಲು ಹತ್ತಿ ಹೋದರು. ಮಂಡಿನೋವಿನವರು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದ್ದು ಕೆಳಗೆ ಕೂತ ನಮಗೆಲ್ಲ ಕೇಳಿಸಿತು. ಆ ರಾತ್ರಿಯೇ ಪಟ್ಟಿ ಕಿತ್ತು ಹಾಕಿದೆ.

ಈಗ ಶನಿವಾರಕ್ಕೊಮ್ಮೆ ಪಾಕೆಟ್ ಮನಿ ಅಂತ ಇಷ್ಟು ಕೊಡ್ತೀವಿ, ಕೆಲಸ ಮಾಡಿದರೂ ಅಷ್ಟೇ, ಮಾಡದಿದ್ದರೂ ಅಷ್ಟೇ. ತಟ್ಟೆ, ಬಟ್ಟೆ, ಬಿನ್ನು ಮನೆಯಲ್ಲಿರೋರೆಲ್ಲರ ಕೆಲಸ. ಕಾರು ತೊಳೆಯೋ ಥರದ್ದಕ್ಕೆ ಮಾತ್ರ ಬೇರೆ ಮೂರು ಪೌಂಡ್, ಏಕೆಂದರೆ ಅದಕ್ಕೆ ಹೊರಗೂ ದುಡ್ಡು ಕೊಟ್ಟೇ ಮಾಡಿಸ್ತೀವಿ. ತಕರಾರು ಇಲ್ಲ ಅಂತಲ್ಲ, ದಿನಾ ಇದೆ. ಆದರೆ ಚೌಕಾಸಿ ನಿಂತಿದೆ.

ಮಗಳ ಕಥೆ ಬೇರೆ. ಅವಳಿಗೆ ಚೆಂಡು ಕಂಡರಾಗದು. ಭಾನುವಾರದ ಜೂನಿಯರ್ ಪಾರ್ಕ್‌ರನ್‌ಗೆ ಸೇರಿಸಿದೆವು. ಗೊತ್ತಿಲ್ಲದವರಿಗೆ ಹೇಳ್ತೀನಿ, 4ರಿಂದ 14 ವರ್ಷದ ಮಕ್ಕಳಿಗೆ 2 ಕಿಲೋಮೀಟರ್ ಓಟ, ಪೂರ್ತಿ ಉಚಿತ, ಒಂದು ಬಾರ್‌ಕೋಡ್ ಪ್ರಿಂಟ್ ತಗೊಂಡು ಹೋದರೆ ಸಾಕು. 11 ಸಲ ಓಡಿದರೆ ಒಟ್ಟು ದೂರ ಹೆಚ್ಚುಕಮ್ಮಿ ಅಷ್ಟಾಗುತ್ತೆ ಅಂತ ಹಾಫ್ ಮ್ಯಾರಥಾನ್ ಹೆಸರಿನ ಒಂದು ಕೈಪಟ್ಟಿ, 21ಕ್ಕೆ ಮ್ಯಾರಥಾನ್ ಪಟ್ಟಿ, 50ಕ್ಕೆ ಅಲ್ಟ್ರಾ. ಮೊದಲು ಬಂದೆಯೋ ಕಡೆಗೆ ಬಂದೆಯೋ ಕೇಳೋದಿಲ್ಲ, ಬಂದೆಯಲ್ಲ, ಅಷ್ಟು ಸಾಕು. ನನಗೆ ಮಾತ್ರ ಅಷ್ಟು ಸಾಕಾಗಲಿಲ್ಲ ನೋಡಿ! 11 ಮುಗಿಸಿದರೆ ದೊಡ್ಡ ಲೆಗೋ ಸೆಟ್ ಅಂದೆ. ಮಳೆಯಲ್ಲೂ ಓಡಿದಳು. ಲೆಗೋ ಬಂತು. 12ನೇ ಭಾನುವಾರ ಹಾಸಿಗೆ ಬಿಟ್ಟು ಏಳಲೇ ಇಲ್ಲ. "ಮುಗೀತಲ್ಲಮ್ಮ" ಅಂದಳು.

1973ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಅನ್ನೋ ಮನಶ್ಶಾಸ್ತ್ರಜ್ಞರು ಕಂಡಿದ್ದೂ ಇದೇ. ಬಣ್ಣದ ಪೆನ್ನಿನಲ್ಲಿ ತಾವಾಗೇ ಚಿತ್ರ ಬಿಡಿಸ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡ್ತೀವಿ ಅಂತ ಮೊದಲೇ ಹೇಳಿದರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ಪೆನ್ನು ಹಿಡಿಯುವ ಹೊತ್ತು ಬೇರೆಯವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೇಳದೆ ಆಮೇಲೆ ಪತ್ರ ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ. ಹಾಗಾಗಿ ಬಹುಮಾನವೇ ಬೇಡ ಅಂತ ನಾನು ಹೇಳ್ತಿಲ್ಲ. ಮೊದಲೇ ಕರಾರು ಮಾಡ್ಕೋಬೇಡಿ, ಅಷ್ಟೇ. ಚೆನ್ನಾಗಿ ಒದ್ದೆಯಾಗಿ ಬಂದ ದಿನ ಕೇಳದೆಯೇ ಬಿಸಿ ಬಿಸಿ ಬೋಂಡ ಕರಿದು ಕೊಡಿ, ಯಾವ ಪ್ರಯೋಗಾಲಯವೂ ಅಡ್ಡ ಬರೋದಿಲ್ಲ.

ಮಗಳು ಮತ್ತೆ ಓಡಿದ್ದು ಹೇಗೆ ಅಂದರೆ, ಒಂದು ಭಾನುವಾರ ಸ್ವಯಂಸೇವಕರು ಕಡಿಮೆ ಇದ್ದರು, ನಾನು ಹೋದೆ, ಇವಳನ್ನೂ ಎಳೆದುಕೊಂಡು ಹೋದೆ. ಹಳದಿ ಜಾಕೆಟ್ ಹಾಕ್ಕೊಂಡು ತಿರುವಿನಲ್ಲಿ ನಿಂತು ಬಂದ ಬಂದ ಮಕ್ಕಳಿಗೆಲ್ಲ ಚಪ್ಪಾಳೆ ಹೊಡೆದಳು. ಕಟ್ಟಕಡೆಗೆ ಅಳುತ್ತಾ ನಡೆದು ಬಂದ ಪುಟಾಣಿಗೆ ಅತಿ ಜೋರು. ಮುಂದಿನ ವಾರ ಅವಳೇ ಶೂ ಹುಡುಕಿದಳು.

ಹೊಗಳೋದರ ಬಗ್ಗೆಯೂ ಒಂದು ಮಾತು. ನಮ್ಮಪ್ಪನ ನಿಘಂಟಿನಲ್ಲಿ ಅತಿ ದೊಡ್ಡ ಹೊಗಳಿಕೆ "ಪರವಾಗಿಲ್ಲ". 95 ಬಂದರೆ ಉಳಿದ ಐದೆಲ್ಲಿ ಅನ್ನೋ ಕಾಲ. ಇಲ್ಲಿ ನೋಡಿದರೆ ಚಪ್ಪಲಿ ಸರಿಯಾಗಿ ಹಾಕ್ಕೊಂಡರೂ "ಬ್ರಿಲಿಯಂಟ್". ಮಕ್ಕಳಿಗೆ ಎರಡರ ಬೆಲೆಯೂ ಗೊತ್ತಾಗಿಬಿಟ್ಟಿದೆ. ನಾನು ಕಲಿತದ್ದು ಇಷ್ಟು: "ನೀನು ಜಾಣ" ಅನ್ನೋ ಬದಲು ಕಂಡದ್ದನ್ನು ಹೇಳೋದು. "ಬಿದ್ದ ಮೇಲೆ ಎದ್ದು ಅವನ ಹಿಂದೆಯೇ ಓಡಿದೆಯಲ್ಲ, ನೋಡಿದೆ." ಇದಕ್ಕೆ ಪಂದ್ಯವನ್ನು ನಿಜವಾಗಿ ನೋಡಬೇಕು, ಫೋನನ್ನಲ್ಲ. ಅದೇ ಕಷ್ಟ.

ಆಟದ ಮೇಲಿನ ಆಸೆ ಅಂದರೇನು ಅಂತ ತಿಳಿಯಲಿ ಅಂತ, ಲಂಡನ್ನಿನ ವೆಂಬ್ಲಿ ದಾರಿಯಲ್ಲಿ ಹೋಗುವಾಗ ಮಗನಿಗೆ ಬ್ಯಾಡ್ಮಿಂಟನ್ ಆಟಗಾರ ಪ್ರಕಾಶ್ ಪಡುಕೋಣೆಯವರ ಕಥೆ ಹೇಳಿದೆ. ಬೆಂಗಳೂರಿನಲ್ಲಿ ಅವರು ಆಡಿ ಕಲಿತದ್ದು ಮದುವೆ ಹಾಲ್‌ನಲ್ಲಿ. ಸ್ಕೂಲು ಬಿಟ್ಟ ಮೇಲೆ, ಇವತ್ತು ಹಾಲ್‌ನಲ್ಲಿ ಮದುವೆಗಿದುವೆ ಏನೂ ಇಲ್ಲ ಅಂತಾದರೆ ಓಡಿಹೋಗಿ ಆಡ್ತಿದ್ದರು. 1980ರಲ್ಲಿ ಇಲ್ಲೇ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್ ಗೆದ್ದರು. ಎಲ್ಲ ಕೇಳಿಸಿಕೊಂಡು ಮಗ, "ಹಾಗಾದ್ರೆ ಮದುವೆ ಇದ್ದ ದಿನ ಊಟ ಸಿಕ್ತಿತ್ತಾ?" ಅಂದ.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ, ಈ ಸೀಸನ್ ಮುಗಿಯೋವರೆಗೆ ಕೊಟ್ಟ ಮಾತು ಉಳಿಸಿಕೊಳ್ಳಿ. ನಡುವೆ ತಪ್ಪಿದರೆ ಮಕ್ಕಳು ಅದನ್ನು ಇಪ್ಪತ್ತು ವರ್ಷ ನೆನಪಿಡ್ತಾರೆ. ಮುಂದಿನ ಸೀಸನ್‌ಗೆ ಅಂಗಡಿ ಮುಚ್ಚಿದೆ ಅಂತ ಈಗಲೇ ಹೇಳಿಬಿಡಿ. ಪಂದ್ಯ ಮುಗಿಸಿ ಕಾರಿನಲ್ಲಿ ಬರುವಾಗ ಪೋಸ್ಟ್‌ಮಾರ್ಟಂ ಬೇಡ.

ಅಂದ ಹಾಗೆ, ಮಗಳಿಗೆ 25 ಮೀಟರ್ ಈಜಿನ ಬ್ಯಾಡ್ಜ್ ಬಂದಿದೆ. ಟವೆಲ್ ಮೇಲೆ ಹೊಲಿದುಕೊಡು ಅಂತ ಒಂದೇ ಸಮ ಕಾಡ್ತಿದ್ದಾಳೆ. ನನ್ನ ಹೊಲಿಗೆ ದೇವರಿಗೇ ಪ್ರೀತಿ. ರೆಡಿಂಗಿನಲ್ಲಿ ಯಾರ ಹತ್ತಿರವಾದರೂ ಹೊಲಿಗೆ ಯಂತ್ರ ಇದೆಯಾ?