ಟೈಮಿಂಗ್ ‘ಮುಂದಕ್ಕೆ’ ಎಂದರೆ ಬೇಗವೋ, ತಡವೋ?

ಹಳೆಯ ಪೆಟ್ರೋಲ್ ಕಾರುಗಳ ರಿಪೇರಿಯ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಟೈಮಿಂಗ್, ಅಂದರೆ ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಹಾರುವ ಹೊತ್ತಿನ ಬಗ್ಗೆ ಬರೆಯುವಾಗ ‘ಮುಂದಕ್ಕೆ’, ‘ಹಿಂದಕ್ಕೆ’ ಎಂಬ ಪದಗಳ ಬಳಕೆಯಲ್ಲಿ ಬಲ್ಲವರ ಸಲಹೆ ಬೇಕಾಗಿದೆ.

ಶಿವಮೊಗ್ಗದ ಗ್ಯಾರೇಜುಗಳಲ್ಲಿ ಪದ್ಮಿನಿ, ಅಂಬಾಸಿಡರ್ ಕಾರುಗಳ ಕೆಲಸ ಬಲ್ಲ ಹಿರಿಯರು ‘ಟೈಮಿಂಗ್ ಸ್ವಲ್ಪ ಮುಂದಕ್ಕೆ ಕೊಡು’ ಎಂದರೆ, ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಇನ್ನಷ್ಟು ಮೊದಲೇ ಕಿಡಿ ಹಾರಲಿ ಎಂದರ್ಥ. ಆದರೆ ಮದುವೆ ಮುಂದಕ್ಕೆ ಹೋಯಿತು ಎಂದಾಗ ತಡವಾಯಿತೆಂದೇ ತಿಳಿಯುತ್ತೇವೆ. ಗಡಿಯಾರ ಐದು ನಿಮಿಷ ಮುಂದಿದೆ ಎಂದಾಗ ಮತ್ತೆ ಬೇಗ ಎಂಬ ಅರ್ಥವೇ ಬರುತ್ತದೆ. ಎದುರಿಗೆ ನಿಂತು ಡೆಲ್ಕೊವನ್ನು (ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು) ಕೈಯಿಂದಲೇ ತಿರುಗಿಸಿ ತೋರಿಸುವವರಿಗೆ ಇದರಿಂದ ತೊಡಕಿಲ್ಲ, ಆದರೆ ಬರಹವನ್ನಷ್ಟೇ ನಂಬಿ ಕೆಲಸಕ್ಕೆ ಇಳಿದವರು ಅದನ್ನು ತದ್ವಿರುದ್ಧ ದಿಕ್ಕಿಗೆ ತಿರುಗಿಸಿಬಿಡಬಹುದು.

ಅದರ ಪರಿಣಾಮ ಸಣ್ಣದಲ್ಲ. ಕಿಡಿ ತಡವಾದರೆ ಆಗುಂಬೆಯಂಥ ಘಾಟಿಯ ಏರಿನಲ್ಲಿ ಎಂಜಿನ್ ಎಳೆಯದೆ ಬಿಸಿಯಾಗುತ್ತದೆ. ಅತಿ ಬೇಗ ಬಿದ್ದರೆ ಅದೇ ಏರಿನಲ್ಲಿ ಕಟಕಟನೆ ನಾಕಿಂಗ್ ಕೇಳಿಸುತ್ತದೆ, ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ನಿಗೇ ಹಾನಿ. ಇನ್ನೊಂದು ಸಂಗತಿಯೂ ಇದೆ: ಡೆಲ್ಕೊದೊಳಗೆ ತಿರುಗುವ ಕ್ಯಾಮಿಗೆ ಉಜ್ಜುವ ಪಾಯಿಂಟಿನ (ತೆರೆದಾಗ ಕಿಡಿ ಹಾರಿಸುವ ಸ್ವಿಚ್ಚಿನ) ಫೈಬರ್ ತುಂಡು ಸವೆದಂತೆಲ್ಲ, ಸುಮಾರು 0.4 ಮಿ.ಮೀ. ಇರಬೇಕಾದ ಗ್ಯಾಪ್ ಕಿರಿದಾಗಿ, ಯಾರೂ ಡೆಲ್ಕೊ ಮುಟ್ಟದಿದ್ದರೂ ಕಿಡಿ ತಾನಾಗಿ ತಡವಾಗುತ್ತಾ ಹೋಗುತ್ತದೆ. ಇದನ್ನು ‘ಟೈಮಿಂಗ್ ಹಿಂದಕ್ಕೆ ಹೋಗಿದೆ’ ಎಂದು ಬರೆದರೆ ಓದುಗರು ಏನೆಂದು ತಿಳಿಯಬೇಕು? ‘ಮುಂಗಡ’ ಎಂದು ಬರೆಯುವಂತಿಲ್ಲ, ಅದನ್ನು ಕೇಳಿದೊಡನೆ ಹಣವೇ ನೆನಪಾಗುತ್ತದೆ. ‘ಕಿಡಿ ಬೇಗ’, ‘ಕಿಡಿ ತಡ’ ಎಂಬ ಜೋಡಿಯೇ ನಿಸ್ಸಂದಿಗ್ಧವೆಂದು ನನ್ನ ಅಭಿಪ್ರಾಯ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪದವೂ ಬೇಕಾಗಿದೆ. ಆಕ್ಸಿಲರೇಟರ್ ಒತ್ತಿದೊಡನೆ ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಆಮೇಲೆ ಎಳೆಯುವ ದೋಷವನ್ನೂ ಇಲ್ಲಿ ‘ಮಿಸ್ಸಿಂಗ್’ ಎಂದೇ ಹೇಳಿಬಿಡುತ್ತಾರೆ. ಮಿಸ್ಸಿಂಗ್ ಎಂದರೆ ಯಾವುದೋ ಸಿಲಿಂಡರ್ ಉರಿಯದೆ ತಪ್ಪುವುದು. ಮಲೆನಾಡಿನ ಮಳೆಗಾಲದಲ್ಲಿ ಡೆಲ್ಕೊ ಮುಚ್ಚಳದೊಳಗೆ ಪಸೆ ಕೂತರೆ ಹಾಗಾಗುತ್ತದೆ. ಮೊದಲು ಹೇಳಿದ ದೋಷಕ್ಕೆ ಕಾರಣ ಸಾಮಾನ್ಯವಾಗಿ ಬೇರೆ. ಕಾರ್ಬುರೇಟರಿನ ಪಂಪ್ ಪೆಟ್ರೋಲ್ ಚಿಮ್ಮಿಸದಿರಬಹುದು, ಇಲ್ಲವೇ ಎಂಜಿನ್ನಿನ ಗಾಳಿಯ ಎಳೆತಕ್ಕೆ ತಕ್ಕಂತೆ ಕಿಡಿಯ ಹೊತ್ತನ್ನು ಸರಿಸುವ, ಡೆಲ್ಕೊಗೆ ಅಂಟಿದ ವ್ಯಾಕ್ಯೂಮ್ ಡಬ್ಬಿಯ ಒಳಪೊರೆ ಹರಿದಿರಬಹುದು. ಎಂಜಿನ್ ನಿಲ್ಲಿಸಿ, ಮುಚ್ಚಳ ತೆಗೆದು, ಆ ಡಬ್ಬಿಯ ಟ್ಯೂಬನ್ನು ಬಾಯಿಂದ ಎಳೆದಾಗ ಪಾಯಿಂಟ್ ಕೂತ ತಟ್ಟೆ ಸರಿಯಬೇಕು, ನಾಲಿಗೆಯಿಂದ ಟ್ಯೂಬಿನ ತುದಿ ಮುಚ್ಚಿ ಹಿಡಿದಷ್ಟು ಹೊತ್ತೂ ಅಲ್ಲೇ ನಿಲ್ಲಬೇಕು. ತಟ್ಟೆ ಹಿಂದಿರುಗಿತೆಂದರೆ ಪೊರೆ ಹರಿದಿದೆ. ಎರಡು ದೋಷಗಳಿಗೂ ಒಂದೇ ಹೆಸರಿಟ್ಟರೆ, ಪ್ಲಗ್ಗು, ವೈರುಗಳನ್ನು ಬದಲಾಯಿಸುತ್ತಾ ಕೂತು ಮಾಲೀಕರ ದುಡ್ಡು ವ್ಯರ್ಥವಾಗುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ಉಸಿರು ಕಟ್ಟುವ ದೋಷಕ್ಕೆ ‘ತಡವರಿಕೆ’ ಎಂದು ಬರೆದಿದ್ದೇನೆ. ‘ಮುಗ್ಗರಿಕೆ’ ಎಂಬುದೂ ಹೊಳೆದಿತ್ತು, ಆದರೆ ಅದರಲ್ಲಿ ಗಾಡಿಯೇ ಜಗ್ಗಿದಂಥ ಅರ್ಥ ಹೆಚ್ಚು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಗಾಡಿ ಓಡಿಸುವವರಲ್ಲಿ ಇದಕ್ಕೆ ಬೇರೆ ಮಾತು ರೂಢಿಯಲ್ಲಿದ್ದರೆ, ಅದನ್ನು ಯಾವ ಸಂದರ್ಭದಲ್ಲಿ ಆಡುತ್ತಾರೆಂಬ ವಿವರದೊಂದಿಗೆ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.