ನಿವೃತ್ತಿಗೆ ಎಂಟು ತಿಂಗಳು: ಕಂಪನಿ ವಿಮೆ ನಿಂತ ಮೇಲೆ ಆಸ್ಪತ್ರೆ ಖರ್ಚಿಗೆ ಏನು ವ್ಯವಸ್ಥೆ?

ಹಾಸನದಿಂದ (ಪ್ರಶ್ನೆ)

ನಮಸ್ಕಾರ. ನನಗೆ 59, ಹೆಂಡತಿಗೆ 56. ಖಾಸಗಿ ಕಾರ್ಖಾನೆಯ ಕೆಲಸ, 60 ತುಂಬಿದ ತಿಂಗಳೇ ನಿವೃತ್ತಿ. ನನಗೆ ಬಿಪಿ ಇದೆ, ಅವಳಿಗೆ ಆರು ವರ್ಷದಿಂದ ಶುಗರ್. ಇಬ್ಬರಿಗೂ ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಕಂಪನಿಯ ಗ್ರೂಪ್ ವಿಮೆ 4 ಲಕ್ಷದ್ದು, ಹನ್ನೊಂದು ವರ್ಷದಿಂದ ಒಂದೇ ವಿಮಾ ಕಂಪನಿ. ಕೆಲಸ ಬಿಟ್ಟ ದಿನಕ್ಕೆ ಅದು ಮುಗಿಯುತ್ತದೆ. ಪಿಎಫ್, ಗ್ರ್ಯಾಚುಟಿ ಸೇರಿ ಸುಮಾರು 46 ಲಕ್ಷ ಕೈಗೆ ಬರುತ್ತದೆ.

ಹೊಸ ಪಾಲಿಸಿಯನ್ನು ಈಗಲೇ ತೆಗೆದುಕೊಳ್ಳಬೇಕೇ, ನಿವೃತ್ತಿಯಾದ ಮೇಲೆ ಸಾಕೇ? ಎಷ್ಟು ಹಣ ಬೇರೆ ಇಡಬೇಕು? ಆಯುಷ್ಮಾನ್ ಕಾರ್ಡ್ ಇದ್ದರೆ ಪಾಲಿಸಿಯೇ ಬೇಡ ಎನ್ನುವವರೂ ಇದ್ದಾರೆ, ಅದು ಸರಿಯೇ?

ಪಾಲಿಸಿ ಪುಟ

ಸರ್, ಈಗಲೇ ಶುರು ಮಾಡಿ. ಗ್ರೂಪ್ ವಿಮೆಯಲ್ಲಿರುವವರು ಅದೇ ವಿಮಾ ಕಂಪನಿಯ ವೈಯಕ್ತಿಕ ಇಲ್ಲವೇ ಫ್ಯಾಮಿಲಿ ಫ್ಲೋಟರ್ (ಇಡೀ ಕುಟುಂಬಕ್ಕೆ ಒಂದೇ ಮೊತ್ತದ) ಪಾಲಿಸಿಗೆ ಬದಲಾಯಿಸಿಕೊಳ್ಳಬಹುದು. ಇದಕ್ಕೆ ಮೈಗ್ರೇಷನ್ ಎನ್ನುತ್ತಾರೆ. ನಿಮ್ಮ ಹನ್ನೊಂದು ವರ್ಷ ಲೆಕ್ಕಕ್ಕೆ ಬರುವುದು ಈ ದಾರಿಯಲ್ಲಿ ಮಾತ್ರ. ಗ್ರೂಪ್ ವಿಮೆ ಮುಗಿದು ಎರಡು ತಿಂಗಳು ಬಿಟ್ಟು ಹೊಸದಾಗಿ ಪಾಲಿಸಿ ಮಾಡಿಸಿದರೆ ಅಷ್ಟೂ ವರ್ಷ ನೀರಿನಲ್ಲಿ ಹೋಮ ಮಾಡಿದಂತೆ.

ಮೊದಲು ಎಚ್.ಆರ್. ವಿಭಾಗದಿಂದ ಒಂದು ಪತ್ರ ಪಡೆಯಿರಿ. ಇಬ್ಬರ ಹೆಸರು, ಜನ್ಮದಿನಾಂಕ, ಯಾವ ದಿನದಿಂದ ಬಿಡದೆ ರಕ್ಷಣೆ ಇದೆ, ಪ್ರತಿ ವರ್ಷದ ವಿಮಾ ಮೊತ್ತ, ಇದುವರೆಗಿನ ಕ್ಲೇಮುಗಳು ಎಲ್ಲವೂ ಅದರಲ್ಲಿರಲಿ. ಕೆಲಸ ಬಿಟ್ಟು ಲಾಗಿನ್ ಮುಚ್ಚಿದ ಮೇಲೆ ಈ ಕಾಗದಕ್ಕೆ ಓಡಾಡುವುದು ಬಹಳ ಕಷ್ಟ. ಕೊನೆಯ ದಿನಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಕೊಡಿ. ಅದೇ ಕಂಪನಿಯ ಪಾಲಿಸಿ ಹಿಡಿಸದಿದ್ದರೆ ಮುಂದಿನ ವರ್ಷ ನವೀಕರಣದ ಹೊತ್ತಿಗೆ ಬೇರೆ ಕಂಪನಿಗೆ ಪೋರ್ಟ್ ಮಾಡಿಸಿ.

ಒಂದು ಮಿತಿ ನೆನಪಿರಲಿ. ಹಳೆಯ ವರ್ಷಗಳ ಲಾಭ ಹಳೆಯ ಮೊತ್ತಕ್ಕೆ ಮಾತ್ರ, ಅಂದರೆ ನಿಮ್ಮ 4 ಲಕ್ಷಕ್ಕೆ. ಪಾಲಿಸಿಯನ್ನು 10 ಲಕ್ಷಕ್ಕೆ ಏರಿಸಿದರೆ ಮೇಲಿನ 6 ಲಕ್ಷಕ್ಕೆ ಕಾಯುವ ಅವಧಿ, ಅಂದರೆ ಕೆಲವು ಕಾಯಿಲೆಗಳಿಗೆ ಕ್ಲೇಮ್ ಸಿಗದ ಆರಂಭದ ಕಾಲ, ಹೊಸದಾಗಿ ಶುರುವಾಗುತ್ತದೆ. 2024ರ ಏಪ್ರಿಲ್‌ನಿಂದ ಈ ಅವಧಿ 36 ತಿಂಗಳಿಗಿಂತ ಹೆಚ್ಚಿರುವಂತಿಲ್ಲ. ಬಿಪಿ, ಶುಗರ್‌ನಂತಹ ಹಳೆಯ ಕಾಯಿಲೆಗೂ, ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂತಹ ಪಟ್ಟಿ ಮಾಡಿದ ಚಿಕಿತ್ಸೆಗಳಿಗೂ ಇದೇ ಗರಿಷ್ಠ.

ಪ್ರಪೋಸಲ್ ಫಾರಂ ತುಂಬುವಾಗ ಬಿಪಿ, ಶುಗರ್, ಯಾವ ವರ್ಷದಿಂದ, ಯಾವ ಮಾತ್ರೆ, ಎಲ್ಲ ಬರೆಯಿರಿ. "ಬರೆಯಬೇಡಿ ಸರ್, ಪ್ರೀಮಿಯಂ ಜಾಸ್ತಿಯಾಗುತ್ತೆ" ಎನ್ನುವ ಏಜೆಂಟರ ಮಾತು ಕೇಳಬೇಡಿ. ಆಸ್ಪತ್ರೆಗೆ ಸೇರಿದ ರಾತ್ರಿ ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ "6 ವರ್ಷದಿಂದ ಸಕ್ಕರೆ ಕಾಯಿಲೆ" ಎಂದು ಬರೆದೇ ಬರೆಯುತ್ತಾರೆ. ಕ್ಲೇಮ್ ನೋಡುವವರು ಆ ಸಾಲನ್ನು ನಿಮ್ಮ ಫಾರಂ ಪಕ್ಕದಲ್ಲಿಟ್ಟು ನೋಡುತ್ತಾರೆ. ಎರಡೂ ಹೊಂದದಿದ್ದರೆ ಕ್ಲೇಮೂ ಹೋಯಿತು, ಪಾಲಿಸಿಯೇ ರದ್ದಾಗಲೂಬಹುದು. ಬಿಡದೆ 60 ತಿಂಗಳು ನಡೆದ ಪಾಲಿಸಿಯ ಮೇಲೆ, ಮೋಸ ಸಾಬೀತಾಗದ ಹೊರತು, ಈ ಕಾರಣ ಒಡ್ಡುವಂತಿಲ್ಲ.

ಪ್ರೀಮಿಯಂ ಬಗ್ಗೆ ಎರಡು ಸಮಾಧಾನದ ಸಂಗತಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಜೊತೆ ಸಮಾಲೋಚಿಸಬೇಕು, ಇದು 2025ರ ಜನವರಿಯ ಆದೇಶ. ಹಣ ಕಟ್ಟುವಾಗ ನಗದು ಬೇಡ, ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ನಗದು ಪ್ರೀಮಿಯಂ ವಿನಾಯಿತಿಗೆ ಬರುವುದಿಲ್ಲ.

ಬಿಲ್ ಕೌಂಟರ್

ಮೇಲಿನ ಉತ್ತರ ಸರಿಯಾಗಿದೆ. ಆದರೆ ಎಲ್ಲರೂ "ಎಷ್ಟು ಲಕ್ಷದ ಪಾಲಿಸಿ" ಎಂದಷ್ಟೇ ಕೇಳುತ್ತಾರೆ, ಜೇಬು ಖಾಲಿ ಮಾಡುವುದು ರೂಮ್ ಬಾಡಿಗೆ ಮಿತಿ ಮತ್ತು ಕೋ-ಪೇ (ಪ್ರತಿ ಕ್ಲೇಮಿನಲ್ಲಿ ನಾವು ಕೊಡಬೇಕಾದ ಪಾಲು). ಲೆಕ್ಕ ಹಾಕಿ ತೋರಿಸುತ್ತೇನೆ.

5 ಲಕ್ಷದ ಪಾಲಿಸಿ, ರೂಮ್ ಬಾಡಿಗೆ ಮಿತಿ ದಿನಕ್ಕೆ ವಿಮಾ ಮೊತ್ತದ ಶೇ 1, ಅಂದರೆ 5,000. ರೋಗಿ ಸೇರಿದ್ದು 8,000ದ ರೂಮಿಗೆ, ನಾಲ್ಕು ದಿನ. ಬಿಲ್ಲಿನಲ್ಲಿ ರೂಮ್ 32,000, ಸರ್ಜನ್, ಅರಿವಳಿಕೆ, ಓಟಿ, ನರ್ಸಿಂಗ್ ಸೇರಿ 1,60,000, ಔಷಧಿ, ಇಂಪ್ಲಾಂಟ್, ಲ್ಯಾಬ್ 90,000. ಒಟ್ಟು 2,82,000.

ರೂಮಿಗೆ ಹೆಚ್ಚಾಗಿದ್ದು ದಿನಕ್ಕೆ 3,000, ನಾಲ್ಕು ದಿನಕ್ಕೆ 12,000 ಕೈಯಿಂದ ಕೊಟ್ಟರಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. 8,000ದಲ್ಲಿ 5,000 ಅಂದರೆ ಶೇ 62.5. ಡಾಕ್ಟರ್ ಮತ್ತು ಓಟಿ ಖರ್ಚನ್ನೂ ಅದೇ ಪ್ರಮಾಣಕ್ಕೆ ಇಳಿಸುತ್ತಾರೆ, 1,60,000 ಹೋಗಿ 1,00,000 ಆಗುತ್ತದೆ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ, ಐಸಿಯು ಬಾಡಿಗೆಗೂ ಇಲ್ಲ. ಹಾಗಾಗಿ ಸಿಗುವುದು 20,000, 1,00,000, 90,000 ಸೇರಿ 2,10,000. ಅದರ ಮೇಲೆ ಶೇ 20 ಕೋ-ಪೇ ಇದ್ದರೆ ಇನ್ನೂ 42,000 ಕಳೆಯುತ್ತದೆ. ಕೊನೆಗೆ ಮನೆಯವರು ಕಟ್ಟಬೇಕಾದ್ದು 1,14,000. ಗ್ಲೌಸ್, ಡೈಪರ್‌ನಂತಹ ಕೊಡದ ಸಾಮಗ್ರಿಗಳ ಮೊತ್ತ ಇದಕ್ಕೆ ಹೊರತು.

ಆದ್ದರಿಂದ ರೂಮ್ ಮಿತಿ ಇಲ್ಲದ, ಅಥವಾ ಸಾಧಾರಣ ಸಿಂಗಲ್ ರೂಮ್ ಪೂರ್ತಿ ಕೊಡುವ ಪಾಲಿಸಿಯನ್ನೇ ಹುಡುಕಿ. ಮಿತಿ ಇರುವ ಪಾಲಿಸಿಯೇ ಗತಿಯಾದರೆ ಅಡ್ಮಿಷನ್ ಕೌಂಟರಿನಲ್ಲೇ ಮಿತಿಯೊಳಗಿನ ರೂಮ್ ಕೇಳಿ. ಅದು ಖಾಲಿ ಇಲ್ಲವೆಂದರೆ ಶೇರಿಂಗ್ ರೂಮಿಗೆ ಹೋಗಿ, ಮೇಲಿನ ದರ್ಜೆಗಲ್ಲ.

ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಬಿಲ್ಲಿಗೆ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕು. ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದು ವಿಮಾ ಕಂಪನಿಯ ತಲೆಗೆ. ಆಸ್ಪತ್ರೆಯಲ್ಲಿ ವಿಮೆಯ ಕಾಗದ ನೋಡುವ ಟಿಪಿಎ ಡೆಸ್ಕಿನಲ್ಲಿ ಕೋರಿಕೆ ಹೋದ ಸಮಯ ಕೇಳಿ ಬರೆದಿಟ್ಟುಕೊಳ್ಳಿ.

ಹಾಸನದಿಂದ

ಇಷ್ಟು ವಿವರ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರ. 4 ಲಕ್ಷ ಸಾಲದು ಅನಿಸುತ್ತಿದೆ. ಟಾಪ್-ಅಪ್, ಸೂಪರ್ ಟಾಪ್-ಅಪ್ ಎಂದರೆ ಒಂದೆಯೇ?

ಪಾಲಿಸಿ ಪುಟ

ಅಲ್ಲ ಸರ್. ಎರಡೂ ಒಂದು ಮೊತ್ತ ದಾಟಿದ ಖರ್ಚನ್ನಷ್ಟೇ ಕೊಡುತ್ತವೆ, ಆ ಮೊತ್ತಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. 4 ಲಕ್ಷ ಡಿಡಕ್ಟಿಬಲ್ ಇದೆ, ಒಂದೇ ವರ್ಷದಲ್ಲಿ 3 ಲಕ್ಷದ ಬಿಲ್ಲು ಎರಡು ಸಲ ಬಂತು ಎನ್ನಿ. ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ, ಎರಡೂ 4 ಲಕ್ಷ ದಾಟಲಿಲ್ಲ, ಒಂದು ಪೈಸೆ ಬರುವುದಿಲ್ಲ. ಸೂಪರ್ ಟಾಪ್-ಅಪ್ ವರ್ಷದ ಮೊತ್ತ ಕೂಡುತ್ತದೆ, 6 ಲಕ್ಷದಲ್ಲಿ 4 ಕಳೆದು 2 ಲಕ್ಷ ಕೊಡುತ್ತದೆ. ಸೂಪರ್ ಟಾಪ್-ಅಪ್ಪನ್ನೇ ಕೇಳಿ ತೆಗೆದುಕೊಳ್ಳಿ.

ಅದನ್ನು ಈ ತಿಂಗಳೇ ಮಾಡಿಸಿ. ಕೆಳಗಿನ 4 ಲಕ್ಷ ಕಂಪನಿಯ ವಿಮೆಯಿಂದ ಬಂದರೂ ಆಗುತ್ತದೆ, ಕೈಯಿಂದ ಕೊಟ್ಟರೂ ಆಗುತ್ತದೆ. ಕಾಯುವ ಅವಧಿಯ ಎಣಿಕೆ ಇವತ್ತಿನಿಂದಲೇ ಶುರುವಾಗಿ, ನಿವೃತ್ತಿಯ ದಿನಕ್ಕೆ ಎಂಟು ತಿಂಗಳು ಕಳೆದಿರುತ್ತದೆ.

ಲೆಕ್ಕದ ಪುಸ್ತಕ

ಹಣದ ವಿಷಯ. ಕಳೆದ ಹನ್ನೆರಡು ತಿಂಗಳ ಮೆಡಿಕಲ್ ಶಾಪ್, ಲ್ಯಾಬ್, ಡಾಕ್ಟರ್ ಫೀಸಿನ ಚೀಟಿಗಳನ್ನು ಕೂಡಿ. ಹಲ್ಲು, ಕನ್ನಡಕ, ಶ್ರವಣ ಸಾಧನವನ್ನೂ ಸೇರಿಸಿ, ಸಾಮಾನ್ಯ ಪಾಲಿಸಿಗಳು ಇವನ್ನು ಕೊಡುವುದಿಲ್ಲ. ತಿಂಗಳಿಗೆ 4,000 ಬಂದರೆ, ವರ್ಷಕ್ಕೆ ಶೇ 10 ಏರಿಕೆ ಹಿಡಿದರೂ ಏಳು ವರ್ಷ ಚಿಲ್ಲರೆಗೆ 8,000, ನಿಮಗೆ 75 ಆಗುವ ಹೊತ್ತಿಗೆ 16,000 ದಾಟಿರುತ್ತದೆ. ಜೆನೆರಿಕ್ ಹೆಸರಿನಲ್ಲಿ ಚೀಟಿ ಬರೆಸಿಕೊಂಡು ಜನೌಷಧಿ ಅಂಗಡಿಯಲ್ಲಿ ತೆಗೆದುಕೊಂಡರೆ ಬಿಪಿ, ಶುಗರ್ ಮಾತ್ರೆಗಳ ಖರ್ಚು ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷದವರೆಗೆ ಇಡಬಹುದು, ಹೆಂಡತಿಯನ್ನು ಜಂಟಿ ಖಾತೆದಾರರನ್ನಾಗಿ ಸೇರಿಸಬಹುದು. ಶೇ 8.2 ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ, ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಬಡ್ಡಿ ಬರುವುದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಮೊದಲ ದಿನ. ಪಾಲಿಸಿಯ ನವೀಕರಣ ಅದರ ನಂತರದ ವಾರಗಳಲ್ಲಿ ಬೀಳುವಂತಿದ್ದರೆ ಒಂದು ಕಂತಿನ ಬಡ್ಡಿಯನ್ನು ಪ್ರೀಮಿಯಂಗೇ ಮೀಸಲಿಡಬಹುದು.

ಆದರೆ ತುರ್ತು ಹಣವನ್ನು ಅಲ್ಲಿಡಬೇಡಿ. ಒಂದು ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಎರಡು ವರ್ಷದೊಳಗೆ ಅಸಲಿನಲ್ಲಿ ಶೇ 1.5, ಆಮೇಲೆ ಶೇ 1 ಕಡಿತ. ಕೋ-ಪೇ, ಮುಂಗಡ, ಡಿಸ್ಚಾರ್ಜ್ ನಂತರದ ಫಿಸಿಯೋಥೆರಪಿ, ಮನೆ ನರ್ಸ್ ಇವಕ್ಕೆ 5 ಲಕ್ಷವನ್ನು 1 ಲಕ್ಷದ ಐದು ಎಫ್‌ಡಿಗಳಾಗಿ ಇಡಿ, ಬೇಕಾದಷ್ಟನ್ನೇ ಮುರಿಯಬಹುದು.

ಜಂಟಿ ಎಫ್‌ಡಿಯಲ್ಲಿ "ಇಬ್ಬರಲ್ಲಿ ಒಬ್ಬರು" ಎಂದು ಬರೆಸಿದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಅದು ಅವಧಿ ಮುಗಿದ ಮೇಲೆ ಮಾತ್ರ. ಮೊದಲೇ ಮುರಿಯಲು ಬ್ಯಾಂಕು ಇಬ್ಬರ ಸಹಿಯನ್ನೂ ಕೇಳುತ್ತದೆ, ಆಗ ಒಬ್ಬರು ಐಸಿಯುನಲ್ಲಿರುತ್ತಾರೆ. ಎಫ್‌ಡಿ ಮಾಡುವ ದಿನವೇ ಅವಧಿಪೂರ್ವ ಹಿಂಪಡೆತಕ್ಕೆ ಯಾರಾದರೂ ಒಬ್ಬರ ಸಹಿ ಸಾಕು ಎಂಬ ಜಂಟಿ ಒಪ್ಪಿಗೆ ಪತ್ರ ಕೊಟ್ಟು, ಸ್ವೀಕೃತಿ ಪಡೆಯಿರಿ.

ಅರ್ಜಿ ಸಹಾಯ

ಆಯುಷ್ಮಾನ್ ಬಗ್ಗೆ. ಆದಾಯ ನೋಡದೆ ಕೊಡುವ ವಯ ವಂದನ ಕಾರ್ಡ್ 2024ರ ಅಕ್ಟೋಬರ್ 29ರಂದು ಶುರುವಾಯಿತು, ಅದು 70 ತುಂಬಿದವರಿಗೆ, ವರ್ಷಕ್ಕೆ 5 ಲಕ್ಷ. ವಯಸ್ಸಿಗೆ ಆಧಾರ್‌ನಲ್ಲಿರುವ ಜನ್ಮದಿನಾಂಕವೇ ಆಧಾರ, ತಪ್ಪಿದ್ದರೆ ಈಗಲೇ ತಿದ್ದಿಸಿ. ನಿಮಗೆ ಇನ್ನೂ ಹತ್ತು ವರ್ಷಕ್ಕೂ ಮೇಲಿದೆ, ನಿಮ್ಮ ಹೆಂಡತಿಗೆ ಹದಿನಾಲ್ಕು ವರ್ಷ. ಒಳರೋಗಿಯಾಗಿ ಸೇರಿದರೆ ಮಾತ್ರ ಅನ್ವಯ, ತಿಂಗಳ ಮಾತ್ರೆಗಲ್ಲ. ಅಲ್ಲಿಯವರೆಗೆ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿ ಮಾಡಿದ ದರದ) ಶೇ 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇದನ್ನು ನಂಬಿ ಪಾಲಿಸಿ ಬಿಡುವುದು ಅಪಾಯ.

ಇಎಸ್‌ಐನಲ್ಲಿ ಐದು ವರ್ಷವಾದರೂ ಇದ್ದು, ಅದರಲ್ಲಿರುವಾಗಲೇ ವಯೋನಿವೃತ್ತಿ ಆದವರು ಇದನ್ನು ಓದುತ್ತಿದ್ದರೆ: ತಿಂಗಳಿಗೆ 10 ರೂಪಾಯಿಯಂತೆ ವರ್ಷಕ್ಕೆ 120 ಒಟ್ಟಿಗೆ ಕಟ್ಟಿ ಗಂಡ ಹೆಂಡತಿ ಇಬ್ಬರೂ ವೈದ್ಯಕೀಯ ಸೌಲಭ್ಯ ಮುಂದುವರಿಸಬಹುದು. ಎಷ್ಟೋ ಕಾರ್ಮಿಕರಿಗೆ ಇದು ಗೊತ್ತೇ ಇಲ್ಲ.

ಕ್ಲೇಮ್ ತಿರಸ್ಕಾರವಾದರೆ ಸುಮ್ಮನಾಗಬೇಡಿ. ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆದು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ತಿರಸ್ಕಾರ ಪತ್ರ, ಪಾಲಿಸಿ, ಡಿಸ್ಚಾರ್ಜ್ ಸಮ್ಮರಿ, ವಿವರವಾದ ಬಿಲ್ಲು, ರಸೀದಿಗಳ ಜೊತೆ ಸ್ಟೆಂಟ್, ಕಣ್ಣಿನ ಲೆನ್ಸ್, ಮಂಡಿಯ ಇಂಪ್ಲಾಂಟ್ ಆಗಿದ್ದರೆ ಅದರ ಡಬ್ಬಿಯ ಸ್ಟಿಕ್ಕರೂ ಬೇಕು. ಸ್ಟಿಕ್ಕರ್ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಅಂಟಿರುತ್ತದೆ, ಮನೆಗೆ ಹೊರಡುವ ಮುನ್ನ ಅದರ ಪ್ರತಿ ಕೇಳಿ ಪಡೆಯಿರಿ.