ಪುಣೆಯಿಂದ ಗೋಳಗುಮ್ಮಟ: ಮಂಡಿನೋವಿದ್ದವರನ್ನು ಕರೆದೊಯ್ಯಬಹುದೇ?

ಕೋಥ್ರೂಡ್ ಕನ್ನಡಿಗ:
ಅಪ್ಪ-ಅಮ್ಮನ ಜೊತೆ ವಿಜಯಪುರಕ್ಕೆ ಹೊರಟಿದ್ದೇವೆ. ಅಮ್ಮನಿಗೆ ಮಂಡಿನೋವು. ಮೇಲೆ ಹತ್ತದಿದ್ದರೆ ಪಿಸುಮಾತಿನ ಗ್ಯಾಲರಿಯ (ಗುಮ್ಮಟದ ಬುಡದಲ್ಲಿ ಒಳಗೆ ಸುತ್ತಲೂ ಇರುವ, ಪಿಸುಮಾತೂ ಎದುರು ತುದಿಗೆ ಕೇಳಿಸುವ ಮೊಗಸಾಲೆ) ಮಜಾ ಸಿಗುತ್ತದಾ? ಎಷ್ಟು ಹೊತ್ತಿಗೆ ಹೋಗಬೇಕು? ರೈಲೋ, ಕಾರೋ?

ಜೋಳದ ರೊಟ್ಟಿ:
ಆ ಮಜಾ ಮ್ಯಾಲೆ ಹತ್ತಿದವರಿಗಷ್ಟೇ ರೀ. ಕೆಳಗ ನಿಂತ್ರ ಬರೇ ಗದ್ದಲ. ಮೂಲಿ ಮಿನಾರದೊಳಗ ಸುತ್ತು ಮೆಟ್ಟಿಲು, ನೂರಕ್ಕಿಂತ ಜಾಸ್ತಿ. ಮೆಟ್ಟಿಲು ಎತ್ತರ, ದಾರಿ ಇಕ್ಕಟ್ಟು, ಲಿಫ್ಟ್ ಇಲ್ಲ. ಏರೂದಕ್ಕಿಂತ ಇಳಿಯೂದ ಮಂಡಿಗೆ ತ್ರಾಸು. ತಾಯಿಯವರನ್ನ ಹತ್ತಸಬ್ಯಾಡ್ರಿ.

ಹಡಪ್ಸರ್ ಸವಾರ:
ಬೆಳಿಗ್ಗೆ 6ಕ್ಕೆ ಗೇಟು ತೆರೆದ ಕೂಡಲೇ ಒಳಗಿರಿ. ಶಾಲಾ ಪ್ರವಾಸದ ಬಸ್ಸುಗಳು ಬಂದವೋ, ಕಥೆ ಮುಗಿಯಿತು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಒಂದು ಚಪ್ಪಾಳೆಯ ಸದ್ದು ಎದುರು ಗೋಡೆ ಮುಟ್ಟಿ ವಾಪಸ್ ಬರಲು ಕಾಲು ಸೆಕೆಂಡಿಗೂ ಚೂರು ಕಮ್ಮಿ ಸಾಕು. ಹೀಗೆ ಏಳೆಂಟು ಸಲ ಮರುದನಿ ಬರುತ್ತದೆ. ಅದು ಆರುವ ಮುಂಚೆ ಇನ್ನೊಬ್ಬ ಕೂಗಿದರೆ ಎಲ್ಲ ಕಲಸುಮೇಲೋಗರ. ಎಲ್ಲರೂ ಅಲ್ಲಿ ಹೋಗಿ ಕಿರುಚುತ್ತಾರೆ, ಅದೇ ತಪ್ಪು. ಒಬ್ಬರು ಗೋಡೆಗೆ ಮುಖ ಮಾಡಿ ಮೆಲ್ಲಗೆ ಮಾತಾಡಿ, ಇನ್ನೊಬ್ಬರು ಸರಿಯಾಗಿ ಎದುರು ತುದಿಯಲ್ಲಿ ಗೋಡೆಗೆ ಕಿವಿ ಹತ್ತಿರವಿಟ್ಟು ಕೂರಲಿ. ಸದ್ದು ಬಾಗಿದ ಗೋಡೆಯ ಮಗ್ಗುಲಲ್ಲೇ ಹರಿದು ಬರುತ್ತದೆ. ಗೋಡೆಯಿಂದ ದೂರ ಸರಿದರೆ ಕೇಳಿಸದು.

ಕೋಥ್ರೂಡ್ ಕನ್ನಡಿಗ:
ಹಾಗಾದರೆ ಅಮ್ಮ ಕೆಳಗೆ ಕೂತು ಏನು ನೋಡಬೇಕು?

ವಾನವಡಿ ವಾಸಿ:
ನಿಜ ಹೇಳಬೇಕೆಂದರೆ ಕಟ್ಟಡದ ಜಾಣ್ಮೆ ಕಾಣುವುದೇ ಕೆಳಗಿನಿಂದ. ಸುಮಾರು 41 ಮೀಟರ್ ಚೌಕದ ಹಾಲ್, ನಡುವೆ ಒಂದೂ ಕಂಬವಿಲ್ಲ. ತಲೆಯೆತ್ತಿ ಮೂಲೆಗಳನ್ನು ನೋಡಲು ಹೇಳಿ: ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಚೌಕವನ್ನು ದುಂಡಗೆ ಮಾಡುತ್ತವೆ. ಅವು ಒಳಕ್ಕೆ ಚಾಚಿಕೊಂಡಿರುವ ಭಾರವೇ, ಹೊರಕ್ಕೆ ತಳ್ಳುವ ಗುಮ್ಮಟವನ್ನು ಹಿಡಿದು ನಿಲ್ಲಿಸುತ್ತದೆ. ನಡುವಿನ ಕಟ್ಟೆಯ ಮೇಲಿರುವುದು ಗೋರಿಗಳ ಪ್ರತಿರೂಪ ಮಾತ್ರ; 1656ರಲ್ಲಿ ತೀರಿಕೊಂಡ ಬಿಜಾಪುರದ ಸುಲ್ತಾನ ಮೊಹಮ್ಮದ್ ಆದಿಲ್ ಶಾಹನ ನಿಜವಾದ ಗೋರಿ ನೆಲಮಾಳಿಗೆಯಲ್ಲಿದೆ. ಗುಮ್ಮಟದ ಮುಂದಿರುವ ನಗಾರಖಾನೆಯ (ಹಿಂದೆ ನಗಾರಿ ಬಾರಿಸುತ್ತಿದ್ದ ಕಟ್ಟಡ) ಮ್ಯೂಸಿಯಂಗೆ ಶುಕ್ರವಾರ ರಜೆ, ಆ ದಿನ ತಪ್ಪಿಸಿ. ನಯವಾದ ಕೆತ್ತನೆ ಬೇಕಿದ್ದರೆ ಊರಿನ ಪಡುವಣಕ್ಕಿರುವ ಇನ್ನೊಂದು ಗೋರಿ ಕಟ್ಟಡ, ಇಬ್ರಾಹಿಂ ರೋಜಾ ನೋಡಿ. ಗೋಳಗುಮ್ಮಟದಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಜೋಳದ ರೊಟ್ಟಿ:
ಕಾರಾದ್ರ ಸೊಲ್ಲಾಪುರಕ್ಕ ಸುಮಾರು 250 ಕಿ.ಮೀ., ಅಲ್ಲಿಂದ ಇನ್ನೊಂದು 100. ಬೆಳಿಗ್ಗೆ 6ಕ್ಕ ಗೇಟಿನಾಗ ಇರಬೇಕಂದ್ರ ಹಿಂದಿನ ದಿನಾನೇ ಹೋಗಿ ಉಳೀರಿ. ರೈಲ್ವೆ ಸ್ಟೇಷನ್ ಗುಮ್ಮಟದ ಹತ್ತಿರಾನೇ ಅದ, ಆಟೋ ಹಿಡದ್ರ ಆತು. ತಾಯಿಯವರಿಗೆ ರೈಲಿನ ಕೆಳಗಿನ ಬರ್ತೇ ಬುಕ್ ಮಾಡ್ರಿ.